ಒಂದೇ ಅಂಕೆಯಲ್ಲಿ ತಪ್ಪಿದ ಲಾಟರಿ: ಕೇರಳದ ಹಣಕಾಸು ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಮಧ್ಯಾಹ್ನ ತಿರುವನಂತಪುರದಲ್ಲಿ ಡ್ರಾ ಮುಗಿದರೆ, ಸಂಜೆ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಪೇಟೆಯಲ್ಲಿ ಫಲಿತಾಂಶದ ಹಾಳೆಗೆ ಜನ ಮುತ್ತುತ್ತಾರೆ. ಅಡಿಕೆ ಸುಲಿದು ಕಪ್ಪಾದ ಬೆರಳೊಂದು ಸಾಲುಗಳ ಮೇಲೆ ಇಳಿಯುತ್ತಾ ಬಂದು ತಟ್ಟನೆ ನಿಲ್ಲುತ್ತದೆ. ಹಾಳೆಯಲ್ಲಿ 7381, ಕೈಯಲ್ಲಿರುವ ಟಿಕೆಟಿನ ಕೊನೆಗೆ 7361. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಮಾರಾಯರೇ!" ಆ ಮಾತು ತಿಂಗಳುಗಟ್ಟಲೆ ಬಾಳುತ್ತದೆ. ಅದೇ ಕೈ ಹರಿದು ಬಿಸಾಡಿದ ಇತರ ಟಿಕೆಟ್‌ಗಳ ಸಂಖ್ಯೆ ಮಾತ್ರ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಹೀಗೆ ನೆನಪು ಆರಿಸಿ ಇಟ್ಟುಕೊಂಡದ್ದನ್ನೇ ನಂಬಿ, ಅದೃಷ್ಟ ಹತ್ತಿರ ಬರುತ್ತಿದೆ ಎಂದುಕೊಂಡು ಮರುದಿನದ ಕೂಲಿಯಲ್ಲೂ ಒಂದು ಪಾಲು ಟಿಕೆಟಿಗೆ ಹೋಗುತ್ತದೆ.

ಲೆಕ್ಕ ಬೇರೆಯೇ ಹೇಳುತ್ತದೆ. ಕೊನೆಯ ನಾಲ್ಕು ಅಂಕೆಗಳಿಗೆ ಬಹುಮಾನವಿದ್ದಾಗ ಒಟ್ಟು ಸಾಧ್ಯತೆಗಳು 10,000. ಗೆಲ್ಲುವುದು ಒಂದು, ಒಂದೇ ಅಂಕೆಯಲ್ಲಿ ತಪ್ಪುವ ಸಂಖ್ಯೆಗಳು 36. ಬಹುಮಾನ ಗೆದ್ದ ಅಂಥ 100 ನಾಲ್ಕಂಕೆಯ ಸಂಖ್ಯೆಗಳು ಹಾಳೆಯಲ್ಲಿದ್ದರೆ, ಹತ್ತು ಟಿಕೆಟ್‌ಗಳಲ್ಲಿ ಸುಮಾರು ಮೂರಕ್ಕೆ ಯಾವುದಾದರೊಂದು ಸಂಖ್ಯೆ "ಸ್ವಲ್ಪದರಲ್ಲಿ ತಪ್ಪಿದಂತೆ" ಕಾಣಲೇಬೇಕು. ಆ ಬಡವನಿಗೆ ಕಂಡದ್ದು ಅದೃಷ್ಟದ ಸುಳಿವಲ್ಲ, ದಿನವೂ ಸಾವಿರಾರು ಜನರಿಗೆ ಕಾಣುವ ನೋಟ. 7361 ಎಷ್ಟು ಸೋತಿತೋ 0004 ಕೂಡ ಅಷ್ಟೇ ಸೋತಿದೆ. ಯಂತ್ರದಲ್ಲಿ ಆಡುವ ಇಸ್ಪೀಟಾಟವಾದ ವಿಡಿಯೊ ಪೋಕರ್‌ನಲ್ಲೂ ಹೀಗೆಯೇ: ರಾಯಲ್ ಫ್ಲಶ್‌ಗೆ (ಒಂದೇ ಜಾತಿಯ ಹತ್ತು, ಜಾಕ್, ರಾಣಿ, ರಾಜ, ಎಕ್ಕ) ನಾಲ್ಕು ಎಲೆ ಕೂಡಿದವನಿಗೆ, ಐದನೆಯ ಎಲೆಯನ್ನು ಬದಲಿಸಿದಾಗ ಬೇಕಾದದ್ದು ಬರುವ ಸಾಧ್ಯತೆ ಉಳಿದ 47 ಎಲೆಗಳಲ್ಲಿ ಒಂದು. ಉಳಿದ 46 ಬಾರಿ ತಪ್ಪುವುದೇ ಸಹಜ. ಆದರೂ ಆಟಗಾರನಿಗೆ ಯಂತ್ರ ತನ್ನನ್ನೇ ಸತಾಯಿಸುತ್ತಿದೆ ಎನ್ನಿಸುತ್ತದೆ.

1967ರಲ್ಲಿ ಆರಂಭವಾದ ಈ ಲಾಟರಿಯನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಲಾಟರಿಯ ಹಣದಿಂದ ಬಡ ರೋಗಿಗಳಿಗೆ ನೆರವಾಗಲೆಂದು ಸ್ಥಾಪಿಸಿದ ಕಾರುಣ್ಯ ನಿಧಿಯಿಂದ ಚಿಕಿತ್ಸೆ ಪಡೆದವರೂ, ಟಿಕೆಟ್ ಮಾರಿಯೇ ಬದುಕುವ ಅಂಗವಿಕಲರೂ ನಮ್ಮ ನಡುವೆ ಇದ್ದಾರೆ. ಆದರೆ ಮಾರಾಟ ಮಾಡುವುದು ಸರ್ಕಾರವೇ ಆದ್ದರಿಂದ ಸತ್ಯ ಹೇಳುವ ಹೊಣೆಯೂ ಸರ್ಕಾರದ್ದೇ. ಬಹುಮಾನದ ಮೊತ್ತ ಎದ್ದು ಕಾಣುವಷ್ಟೇ ದಪ್ಪ ಅಕ್ಷರದಲ್ಲಿ, ಪ್ರತಿ ಬಹುಮಾನದ ಸಾಧ್ಯತೆಯನ್ನು ಟಿಕೆಟಿನ ಮೇಲೂ ಫಲಿತಾಂಶದ ಹಾಳೆಯ ಮೇಲೂ ಮುದ್ರಿಸಿ. ಒಂದು ಅಂಕೆಯಲ್ಲಿ ತಪ್ಪಿದ ಟಿಕೆಟ್ ಮುಂದಿನ ಗೆಲುವಿನ ಸೂಚನೆಯಲ್ಲ ಎಂಬ ಸಾಲನ್ನೂ ಸೇರಿಸಿ. ಮಂಜೇಶ್ವರದಿಂದ ಕಾಸರಗೋಡಿನವರೆಗಿನ ಅಂಗಡಿಗಳಲ್ಲಿ ಅದು ಮಲಯಾಳದ ಜೊತೆಗೆ ಕನ್ನಡದಲ್ಲೂ ಇರಲಿ. ಮುಂದಿನ ಬಾರಿ ಟಿಕೆಟ್ ಅಚ್ಚಿಗೆ ಹೋಗುವ ಮೊದಲೇ ಈ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

ಇತಿ,
ಬದಿಯಡ್ಕದ ಒಬ್ಬ ಕನ್ನಡಿಗ