ಆಲೆಮನೆಯ ಹಬೆ, ಕಾವೇರಿಯ ನೀರು

ಮಗಳೇ,

ಭಾನುವಾರ ಹಾಸ್ಟೆಲಿನಿಂದ ಫೋನ್ ಮಾಡಿದಾಗ ಕೇಳಿದೆಯಲ್ಲ, ‘ಅಪ್ಪಾ, ಮಳೆ ಸಮುದ್ರದ ನೀರಿಂದಲೇ ಬರೋದಾದ್ರೆ ಯಾಕೆ ಉಪ್ಪಗಿಲ್ಲ?’ ಅಂತ. ಗದ್ದೆಗೆ ನೀರು ಕಟ್ಟುವ ಹೊತ್ತು, ಸರಿಯಾಗಿ ಹೇಳಲಾಗಲಿಲ್ಲ. ಅಂಥ ಒಳ್ಳೆ ಪ್ರಶ್ನೆಯನ್ನು ಹಾಗೇ ಬಿಡಬಾರದು ಅನ್ನಿಸಿ ಬರೆಯಲು ಕೂತೆ.

ನಮ್ಮೂರ ಆಲೆಮನೆ ನೆನಪು ಮಾಡಿಕೊ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಹಬೆ ಏಳುತ್ತದೆ, ಅಲ್ವಾ? ಅದಕ್ಕೆ ತಣ್ಣನೆಯ ತಟ್ಟೆ ಹಿಡಿದರೆ ಹನಿ ಕಟ್ಟುತ್ತದೆ. ಆ ಹನಿ ಸಿಹಿ ಇರುವುದಿಲ್ಲ. ನೀರು ಮೇಲೆ ಹೋಯಿತು, ಸಿಹಿ ಕೆಳಗೇ ಉಳಿದು ಬೆಲ್ಲವಾಯಿತು. ಸಮುದ್ರವೂ ಹಾಗೇ ಕಣವ್ವ. ಅಲ್ಲಿ ಕುದಿಯುವುದೂ ಬೇಡ, ಬಿಸಿಲು ಬಿದ್ದರೆ ಸಾಕು. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಒಂದು ಲೀಟರಿಗೆ ಸುಮಾರು 35 ಗ್ರಾಂ. ಆ ಉಪ್ಪು ಒಂದಷ್ಟು ಸಮುದ್ರದ ತಳದ ಬಿಸಿ ಬಿರುಕುಗಳಿಂದ ಬಂದದ್ದು. ಇನ್ನೊಂದಷ್ಟು ಹೊಳೆಗಳು ಬಂಡೆ ಸವೆಸಿ ಕೋಟಿಗಟ್ಟಲೆ ವರ್ಷ ಹೊತ್ತು ತಂದದ್ದು. ನಾಲಿಗೆಗೆ ಗೊತ್ತಾಗದಷ್ಟು ಉಪ್ಪನ್ನು ನಮ್ಮ ಕಾವೇರಿಯೂ ಒಯ್ಯುತ್ತಾಳೆ.

ಈಗ ನಿನ್ನ ಅಟ್ಲಾಸ್ ತೆಗೆ. ಅರಬ್ಬೀ ಸಮುದ್ರ, ಬಂಗಾಳ ಕೊಲ್ಲಿ ಎರಡೂ ಹಿಂದೂ ಮಹಾಸಾಗರಕ್ಕೇ ಸೇರಿದವು. ಐದು ಮಹಾಸಾಗರಗಳಲ್ಲಿ ಇದು ಮೂರನೇ ದೊಡ್ಡದು. ಇದರ ಉತ್ತರಕ್ಕೆ ಏಷ್ಯಾ ಖಂಡ ಅಡ್ಡ ನಿಂತಿದೆ ನೋಡು, ಅದೇ ಮುಖ್ಯ. ಬೇಸಿಗೆಯಲ್ಲಿ ನೆಲ ನೀರಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಗಾಳಿ ಹಗುರಾಗಿ ಏಳುತ್ತದೆ, ಆ ಜಾಗಕ್ಕೆ ಸಮುದ್ರದ ತೇವದ ಗಾಳಿ ನುಗ್ಗುತ್ತದೆ. ನಾವು ಜೂನ್‌ನಲ್ಲಿ ಆಕಾಶ ನೋಡಿ ಕಾಯುವ ಮುಂಗಾರು ಅದು.

ಆ ಗಾಳಿ ಪಶ್ಚಿಮ ಘಟ್ಟ ಹತ್ತುವಾಗ ತಣ್ಣಗಾಗಿ ಕೊಡಗಿನಲ್ಲೇ ಸುರಿದುಬಿಡುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮ ಮಂಡ್ಯದಲ್ಲಿ 700ರ ಆಸುಪಾಸು. ಬರೀ ಆ ಮಳೆ ನಂಬಿದ್ದರೆ ಇಲ್ಲಿ ಇಷ್ಟು ಭತ್ತ, ಕಬ್ಬು ಎಲ್ಲಿ ಬೆಳೆಯುತ್ತಿತ್ತು? ಘಟ್ಟದ ನೀರನ್ನು ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಕನ್ನಂಬಾಡಿ ಕಟ್ಟೆಗೆ ತಂದು ಸೇರಿಸುತ್ತವೆ. ಅಲ್ಲಿಂದ ನಾಲೆ, ನಾಲೆಯಿಂದ ನಮ್ಮ ಗದ್ದೆ. ಕಟ್ಟೆ 124.80 ಅಡಿ ತುಂಬಿತು ಅಂತ ಊರೆಲ್ಲ ಹಿಗ್ಗುತ್ತದಲ್ಲ, ಆ ನೀರು ಸಮುದ್ರದಿಂದ ಗಾಳಿಯಲ್ಲಿ ಬಂದದ್ದು.

ತಲಕಾವೇರಿಗೆ ಅರಬ್ಬೀ ಸಮುದ್ರವೇ ಹತ್ತಿರ. ಆದರೂ ಹೊಳೆ ಪೂರ್ವಕ್ಕೆ ತಿರುಗಿ, ಸುಮಾರು 800 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಪಡುವಣ ಸಮುದ್ರದ ನೀರು ಮೂಡಣ ಸಮುದ್ರಕ್ಕೆ ನಮ್ಮ ಗದ್ದೆ ಬದಿಯಲ್ಲೇ ಹೋಗುತ್ತದೆ. ನಾಲೆ ಏರಿ ಮೇಲೆ ನಿಂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಎಲ್ಲ ನೀರೂ ಅಲ್ಲಿಗೆ ಮುಟ್ಟುವುದಿಲ್ಲ ಅನ್ನು. ಒಂದು ಪಾಲು ಭತ್ತದ ಎಲೆಯಿಂದಲೇ ಆವಿಯಾಗಿ ಮತ್ತೆ ಮೇಲೇರುತ್ತದೆ.

ದಸರಾ ರಜೆಗೆ ಬಾ, ಆಲೆಮನೆಗೆ ಹೋಗೋಣ. ಹಬೆ ಸುಡುತ್ತದೆ, ತಟ್ಟೆ ನಾನು ಹಿಡಿಯುತ್ತೇನೆ. ರುಚಿ ನೀನು ನೋಡು.

ನಿನ್ನ ಅಪ್ಪ