ಭಾನುವಾರದ ಮಾತುಕತೆ: ಅರ್ಮೇನಿಯಾದ ಓಟಗಾರ್ತಿ ಗಯಾನೆ ಚಿಲೊಯಾನ್ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 6ಕ್ಕೆ ನಮ್ಮ ಆನ್‌ಲೈನ್ ಮಾತುಕತೆ ಇದೆ. ರಿಲೇ ಬಗ್ಗೆ ಅಂತ ಮೊದಲು ಹೇಳಿದ್ದೆವು, ಅದು ಮುಂದಿನ ವಾರಕ್ಕೆ ಹೋಗಿದೆ. ರಿಲೇಗೆ ತಯಾರಿ ಮಾಡಿಕೊಂಡವರು ದಯವಿಟ್ಟು ಗಮನಿಸಿ.

ಚಿಲೊಯಾನ್ ಹುಟ್ಟಿದ್ದು 2000ದಲ್ಲಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಓಡಿದಾಗ ಅವರಿಗೆ ಬರೀ 15 ವರ್ಷ! ಆಮೇಲೆ ಟೋಕಿಯೊದಲ್ಲಿ 100 ಮೀಟರ್ ಓಡಿದರು. ಅರ್ಮೇನಿಯಾ ಅಂದರೆ ಕುಸ್ತಿ, ವೇಟ್‌ಲಿಫ್ಟಿಂಗ್ ದೇಶ. ಪದಕಗಳೂ ಜಾಸ್ತಿ ಅಲ್ಲಿಂದಲೇ ಬಂದಿವೆ. ಸುಮಾರು 30 ಲಕ್ಷ ಜನರಿರುವ ಅಂಥ ನಾಡಿನಲ್ಲಿ ಒಬ್ಬ ಹುಡುಗಿ ಸ್ಪ್ರಿಂಟ್ ಆರಿಸಿಕೊಳ್ಳುವುದು ಸಣ್ಣ ಮಾತಲ್ಲ, ಅಲ್ವಾ? ಅವರಿಗಿಂತ ಮೊದಲು ಅದೇ ದೇಶದ ಅನಿ ಖಚಿಕ್ಯಾನ್ 2008ರ ಬೀಜಿಂಗ್‌ನಲ್ಲಿ 100 ಮೀಟರ್ ಓಡಿದ್ದರು.

ಟೋಕಿಯೊದಲ್ಲಿ ಮಹಿಳೆಯರ 100 ಮೀಟರ್‌ಗೆ ನೇರ ಅರ್ಹತೆಯ ಸಮಯ 11.15 ಸೆಕೆಂಡ್ ಇತ್ತು. ಅರ್ಹತೆ ಸಿಗದ ದೇಶಗಳಿಗೂ ಒಬ್ಬರನ್ನು ಕಳಿಸುವ ಅವಕಾಶ ಇರುತ್ತದೆ. ಹಾಗೆ ಬಂದವರು ಮೊದಲು ಪ್ರಾಥಮಿಕ ಸುತ್ತು ಓಡಬೇಕು. ಟಿವಿಯಲ್ಲಿ ಈ ಸುತ್ತನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ನನಗಂತೂ ಫೈನಲ್‌ನಷ್ಟೇ ಇಷ್ಟ.

ಬರುವ ಮುಂಚೆ ಟೋಕಿಯೊದ ಪ್ರಾಥಮಿಕ ಸುತ್ತಿನ ಫಲಿತಾಂಶ ಒಮ್ಮೆ ನೋಡಿಕೊಳ್ಳಿ. ಪ್ರಶ್ನೆಗಳಿದ್ದರೆ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಲಿಂಕ್ ಶನಿವಾರ ಕಳಿಸುತ್ತೇವೆ. ಶಾಲಾ ಮಕ್ಕಳಿಗೆ ತರಬೇತಿ ಕೊಡುವವರು ಮಕ್ಕಳನ್ನೂ ಕರೆತನ್ನಿ.

ಬರುವವರು ‘ಬರ್ತೀನಿ’ ಅಂತ ಉತ್ತರಿಸಿ. ಸುಮ್ನೆ ಹೆಬ್ಬೆರಳು ಒತ್ತಬೇಡಿ, ಲೆಕ್ಕ ಸಿಗುವುದಿಲ್ಲ.