ಸೆಟ್ ಟಾಕ್ ಆಫ್

ಪ್ರೀತಿಯ ಮಗಳೇ,

ನಿನ್ನ ಪತ್ರ ಮೂರು ಸಲ ಓದಿದೆ. ರೂಮು, ಊಟ, ಬೆಳಗಾವಿಯ ಮಳೆ, ಇದೆಲ್ಲ ನಿಮ್ಮ ಅವ್ವ ಮೊದಲೇ ಫೋನಿನಲ್ಲಿ ಹೇಳಿದ್ದಳು. ಇಲ್ಲಿಯ ಸುದ್ದಿ ನಿನಗೂ ಗೊತ್ತೇ ಇದೆ, ಅದನ್ನು ಮತ್ತೆ ಬರೆಯೋದಿಲ್ಲ. ಆದರೆ ಕೊನೆಯ ಪುಟದಲ್ಲಿ ಸುಮ್ನೆ ಬರೆದ ಹಾಗೆ ಒಂದು ಸಾಲು ಬರೆದಿದ್ದೀಯಲ್ಲ, ಅದು ನನಗೆ ರಾತ್ರಿ ನಿದ್ದೆ ಬಿಡಿಸಿತು. "ಕ್ವೆರಿ ಎರರ್ ಬಂದರೆ ಎದೆ ಝಲ್ ಅನ್ನುತ್ತೆ ಚಿಗವ್ವ, ಸರ್ ಹಿಂದೆಯೇ ಕೂತಿರ್ತಾರೆ, ಅದಕ್ಕೆ ಎಲ್ಲಾನೂ ಟ್ರೈ ಒಳಗೆ ಹಾಕಿ ಕ್ಯಾಚ್ ಖಾಲಿ ಬಿಟ್ಟಿದ್ದೀನಿ, ಈಗ ಎರರೇ ಬರಲ್ಲ."

ಬರುತ್ತಲೇ ಇರುತ್ತೆ ಮಗಳೇ. ನಿನಗೆ ಕಾಣುತ್ತಿಲ್ಲ, ಅಷ್ಟೇ. ಕ್ವೆರಿ ಅಂದರೆ ಡೇಟಾಬೇಸಿಗೆ ನೀನು ಕೇಳುವ ಪ್ರಶ್ನೆ. ಅದು ಕೆಟ್ಟರೆ ಏನು ಮಾಡಬೇಕು ಅಂತ ಬರೆಯುವ ಜಾಗವೇ ಕ್ಯಾಚ್, ಅದನ್ನೇ ಖಾಲಿ ಬಿಟ್ಟಿದ್ದೀಯ.

ನೀನು ಮಾಡುತ್ತಿರೋದು ಇಳಕಲ್ ಸೀರೆ ಅಂಗಡಿಯ ಸೈಟು ಅಂದೆ. ಅಂಗಡಿಯವರು ಬೆಳಿಗ್ಗೆ ಬಾಗಿಲು ತೆಗೆದು, ಊದುಬತ್ತಿ ಹಚ್ಚಿ, ಆರ್ಡರಿನ ಪುಟ ತೆರೆಯುತ್ತಾರೆ ಅಂತ ಇಟ್ಟುಕೋ. ಪುಟ ಖಾಲಿ. ಇವತ್ತು ಯಾರೂ ಕೊಂಡಿಲ್ಲ ಅಂದುಕೊಂಡು ಸುಮ್ಮನಾಗುತ್ತಾರೆ. ನಿಜವಾಗಿ ಆರು ಆರ್ಡರ್ ಬಂದು ಒಳಗೆ ಕೂತಿರುತ್ತವೆ, ಕೆಟ್ಟಿರೋದು ನಿನ್ನ ಕ್ವೆರಿ. ದಾಖಲೆಯ ಒಂದು ಸಾಲೂ ಸಿಗದೇ ಇರೋದು ಒಂದು ಉತ್ತರ. ಕ್ವೆರಿ ಓಡದೇ ಇರೋದು ಉತ್ತರವೇ ಅಲ್ಲ. ಖಾಲಿ ಕ್ಯಾಚ್ ಇಟ್ಟರೆ ಎರಡೂ ಒಂದೇ ಥರ ಕಾಣುತ್ತವೆ. ನನ್ನ ಭಯ ಅದೇ, ನೀನು ಎರರಿಗೆ ಹೆದರೋದು ದೊಡ್ಡದಲ್ಲ, ಎಲ್ಲರೂ ಹೆದರುತ್ತಾರೆ. ಹೆದರಿ ಮುಚ್ಚಿಡೋದು ಅಭ್ಯಾಸ ಆಗಿಬಿಟ್ಟರೆ ಅಂತ.

ಮೊದಲು ಇದು ಇನ್ನೂ ಕಷ್ಟವಿತ್ತು. ನೀನು ಸೈಟು ಬರೆಯುವ ಪಿಎಚ್‌ಪಿ ಭಾಷೆಯ 8.1 ಆವೃತ್ತಿಗಿಂತ ಮೊದಲು, ಅದನ್ನು ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ಜೋಡಿಸುವ ಮೈಎಸ್‌ಕ್ಯೂಎಲ್‌ಐ, ಕ್ವೆರಿ ಕೆಟ್ಟರೆ ಫಾಲ್ಸ್ ಅಂತ ಕೊಟ್ಟು ಸುಮ್ಮನಾಗುತ್ತಿತ್ತು. ಆಮೇಲೆ ನಾಲ್ಕು ಸಾಲು ಕೆಳಗೆ, ಸಾಲುಗಳನ್ನು ಫೆಚ್ ಮಾಡುವಾಗ, ಅಂದರೆ ಎತ್ತಿ ತರುವಾಗ, ಸಂಬಂಧವೇ ಇಲ್ಲದ ಎರರ್ ಬಂದು ಹುಡುಗರು ಅಲ್ಲಿ ಹುಡುಕುತ್ತಾ ಕೂರುತ್ತಿದ್ದರು. 2021ರ ಕೊನೆಗೆ 8.1 ಬಂದಮೇಲೆ ಅದು ತಾನಾಗಿ ಎಕ್ಸೆಪ್ಶನ್ ಎಸೆಯುತ್ತದೆ, ತಪ್ಪು ಆದ ಜಾಗದಲ್ಲೇ ಕೂಗುತ್ತದೆ. ಅಷ್ಟು ವರ್ಷಕ್ಕೆ ಬಾಯಿ ಬಂದ ಕೂಸಿನ ಬಾಯಿ ನೀನು ಮತ್ತೆ ಮುಚ್ಚಿದ್ದೀಯಲ್ಲ ಅಂತ ನನಗೆ ಸಂಕಟ.

ಯಾಕಿಷ್ಟು ಹಚ್ಚಿಕೊಂಡಳು ಚಿಗವ್ವ ಅನ್ನಬೇಡ. ನಾನೂ ಇದನ್ನೇ ಮಾಡಿದ್ದೆ. ನಿಮ್ಮ ಅವ್ವನಿಗೂ ಹೇಳಿಲ್ಲ.

1997ರಲ್ಲಿ ಬಾಗಲಕೋಟೆ ಜಿಲ್ಲೆ ಆಯಿತು, ಅದರ ಮುಂದಿನ ಎರಡು ಮೂರು ವರ್ಷದ ಮಾತು. ಆಲಮಟ್ಟಿ ಹಿನ್ನೀರು ಹಳೆ ಊರಿಗೆ ಬರುತ್ತದೆ ಅಂತ ಓಣಿಗೆ ಓಣಿಯೇ ಎದ್ದು ನವನಗರಕ್ಕೆ ಹೋಗುತ್ತಿತ್ತು. ಬಾಗಿಲು, ಚೌಕಟ್ಟು, ಹಂಚು, ಎಲ್ಲ ಟ್ರ್ಯಾಕ್ಟರಿನಲ್ಲಿ. ನಾನು ಒಂದು ಪತ್ತಿನ ಸಂಘದಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಫಾಕ್ಸ್‌ಪ್ರೊ ಅಂತ, ದಾಖಲೆ ಇಡುವ ಆಗಿನ ಪ್ರೋಗ್ರಾಮು. ಸದಸ್ಯರ ವಿಳಾಸ ಬದಲಾಯಿಸೋದೇ ದಿನದ ಕೆಲಸ. ನಮ್ಮ ಹಿರಿಯ ಕಾರಕೂನರು ಓಣಿವಾರು ಪಟ್ಟಿ ಬರೆದು ಕೊಡುತ್ತಿದ್ದರು, ಮುತ್ತಿನಂಥ ಅಕ್ಷರ, ಹೆಸರು, ಸೆಕ್ಟರ್ ನಂಬರು, ಪ್ಲಾಟ್ ನಂಬರು.

ಫಾಕ್ಸ್‌ಪ್ರೊದಲ್ಲಿ ಸೆಟ್ ಟಾಕ್ ಅಂತ ಒಂದು ಕಮಾಂಡ್ ಇತ್ತು. ಅದು ಆನ್ ಇದ್ದರೆ, ಏನಾದರೂ ಬದಲಾಯಿಸಿದ ಮೇಲೆ ಇಷ್ಟು ದಾಖಲೆ ಬದಲಾದವು ಅಂತ ಪರದೆಯ ಮೇಲೆ ಎಣಿಕೆ ತೋರಿಸುತ್ತಿತ್ತು. ನನಗೆ ಅದು ಕಿರಿಕಿರಿ, ಆಫ್ ಮಾಡಿ ಇಟ್ಟಿದ್ದೆ. ಒಂದು ಸಂಜೆ ಬಸ್ಸಿನ ಹೊತ್ತಾಗಿತ್ತು. ಒಂದು ಓಣಿಯವರಿಗೆಲ್ಲ ಒಂದೇ ಸೆಕ್ಟರ್ ಬಂದಿತ್ತು, ಒಂದೊಂದೇ ಯಾಕೆ ಹೊಡೆಯಲಿ ಅಂತ ರಿಪ್ಲೇಸ್ ಆಲ್ ಕೊಟ್ಟೆ. ಯಾವ ಓಣಿಗೆ ಅಂತ ಹೇಳುವ ಫಾರ್ ಭಾಗ ಬರೆಯೋದು ಮರೆತೆ. ದಾಖಲೆ ಬದಲಾಯಿಸುವ ನಿಮ್ಮ ಅಪ್‌ಡೇಟ್‌ನಲ್ಲಿ, ಯಾವ ಸಾಲು ಅಂತ ಹೇಳುವ ವೇರ್ ಮರೆತ ಹಾಗೆ, ಅದೇ ತಪ್ಪು. ಎಂಟುನೂರು ಚಿಲ್ಲರೆ ಸದಸ್ಯರು ಒಂದು ಕ್ಷಣದಲ್ಲಿ ಒಂದೇ ಸೆಕ್ಟರಿಗೆ ಹೋದರು. ಎಣಿಕೆ ತೋರಿಸಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು, ಮೂವತ್ತು ಇರಬೇಕಾದ ಕಡೆ ಎಂಟುನೂರು. ಆದರೆ ಮಾತಾಡಬೇಡ ಅಂತ ನಾನೇ ಹೇಳಿದ್ದೆನಲ್ಲ. ಬಸ್ಸು ಹಿಡಿದು ಮನೆಗೆ ಬಂದೆ.

ವಾರ್ಷಿಕ ಸಭೆಯ ನೋಟಿಸುಗಳು ಕಟ್ಟುಕಟ್ಟಾಗಿ ವಾಪಸ್ ಬಂದಾಗ ಗೊತ್ತಾಯಿತು. ಅಧ್ಯಕ್ಷರು ಎಲ್ಲರ ಮುಂದೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾರಕೂನರು ಎದ್ದು ನಿಂತು "ನನ್ನ ಪಟ್ಟೀನ ತಪ್ಪಿರಬೇಕ್ರಿ" ಅಂದರು. ಅವರು ನಿಜವಾಗಿಯೂ ಹಾಗೇ ನಂಬಿದ್ದರು. ಬೈಸಿಕೊಂಡರು. ನಾನು ಸುಮ್ಮನೆ ಕೂತೆ. ಆಮೇಲೆ ಹದಿನೈದು ದಿನ ಸಂಜೆ ಉಳಿದು ಲೆಡ್ಜರ್ ನೋಡಿ ಎಲ್ಲ ವಿಳಾಸ ಮತ್ತೆ ಹೊಡೆದೆ, ಎಲ್ಲರೂ ಎಷ್ಟು ಕಷ್ಟಪಡುತ್ತಾಳೆ ಹುಡುಗಿ ಅಂದರು. ಕಾರಕೂನರು ಆಮೇಲೆ ಪ್ರತಿ ಪಟ್ಟಿಯನ್ನೂ ಎರಡು ಸಲ ಬರೆದು, ತಾಳೆ ನೋಡಿ, ಅಂಜುತ್ತಾ ತಂದು ಕೊಡುತ್ತಿದ್ದರು. ನಿವೃತ್ತಿ ಆಗುವವರೆಗೂ. ಈಗಲೂ ನವನಗರದಲ್ಲಿ ಕಾಯಿಪಲ್ಯೆ ತರಲು ಹೋದಾಗ ಸಿಗುತ್ತಾರೆ. "ತಂಗಿ, ನಿನ್ನ ಕಂಪ್ಯೂಟರ್ ಹೆಂಗೈತಿ" ಅಂತ ಕೇಳುತ್ತಾರೆ. ಛಲೋ ಐತ್ರಿ ಅಂತೇನೆ. ಇಷ್ಟು ವರ್ಷ ಅಷ್ಟೇ ಅಂದಿದ್ದೇನೆ.

ಇರಲಿ. ನಿನಗೆ ಕೆಲಸಕ್ಕೆ ಬರುವುದನ್ನು ಹೇಳುತ್ತೇನೆ. ನಿಮ್ಮ ಆಫೀಸಿನ ಪದ್ಧತಿ ನನಗೆ ಗೊತ್ತಿಲ್ಲ, ತಪ್ಪಿದ್ದರೆ ಬಿಟ್ಟುಬಿಡು.

ಆ ಖಾಲಿ ಕ್ಯಾಚ್ ಒಳಗೆ ಒಂದೇ ಸಾಲು ಬರೆ. ಎರರಿನ ಪೂರ್ತಿ ಮಾತು, ತಪ್ಪುಗಳನ್ನು ಬರೆದಿಡುವ ಲಾಗ್ ಫೈಲಿಗೆ ಹೋಗಲಿ, ಪುಟದ ಮೇಲೆ "ಸ್ವಲ್ಪ ತೊಂದರೆ ಆಗಿದೆ, ಮತ್ತೆ ಪ್ರಯತ್ನಿಸಿ" ಅಂತ ಬರಲಿ. ಟೇಬಲ್ ಹೆಸರು, ಕ್ವೆರಿ ಇವೆಲ್ಲ ಗಿರಾಕಿಗೆ ಕಾಣಬಾರದು, ಅದು ನಿಜ, ಆದರೆ ನಿನಗೆ ಕಾಣಲೇಬೇಕು.

ಎರರನ್ನು ಓದುವಾಗ ಭಯಪಡದೆ ಕೊನೆಯ ತನಕ ಓದು. 1064 ಅಂತ ಬಂದರೆ ವ್ಯಾಕರಣದ ತಪ್ಪು. ಅದರಲ್ಲಿ ನಿಯರ್ ಅಂತ ಬರೆದು ಕ್ವೆರಿಯ ಒಂದು ತುಂಡು ತೋರಿಸುತ್ತದಲ್ಲ, ತಪ್ಪು ಬಹಳ ಸಲ ಆ ತುಂಡಿನ ಶುರುವಿನಲ್ಲಿ ಇಲ್ಲವೇ ಅದಕ್ಕೂ ಸ್ವಲ್ಪ ಮೊದಲು ಇರುತ್ತದೆ. ನಿನ್ನ ಟೇಬಲ್ ಹೆಸರು ಆರ್ಡರ್ ಅಂತಲೇ ಇದ್ದರೆ ಬೇರೆ ಎಲ್ಲೂ ಹುಡುಕಬೇಡ, ಅದು ಮೈಎಸ್‌ಕ್ಯೂಎಲ್ ತನಗೇ ಇಟ್ಟುಕೊಂಡ ಪದ, ಆರ್ಡರ್ಸ್ ಅಂತ ಮಾಡು. 1054 ಅಂದರೆ ಆ ಹೆಸರಿನ ಕಾಲಂ ಇಲ್ಲ. 1146 ಅಂದರೆ ಟೇಬಲ್ಲೇ ಇಲ್ಲ. ಇಷ್ಟು ಸ್ಪಷ್ಟವಾಗಿ ಹೇಳುವುದನ್ನು ಮುಚ್ಚಿಟ್ಟು ನೀನು ಕತ್ತಲಲ್ಲಿ ತಡಕಾಡಬೇಕಾ?

ಎರರೂ ಇಲ್ಲ, ಸಾಲೂ ಸಿಗುತ್ತಿಲ್ಲ ಅಂದಾಗ ಕ್ವೆರಿಯನ್ನು, ಡೇಟಾಬೇಸನ್ನು ಬ್ರೌಸರಿನಲ್ಲೇ ತೆರೆದು ನೋಡುವ ಪಿಎಚ್‌ಪಿಎಂವೈಅಡ್ಮಿನ್‌ಗೆ ಅಂಟಿಸಿ ಓಡಿಸು. ಒಂದೊಂದೇ ಷರತ್ತು ತೆಗೆದು ನೋಡು, ಯಾವುದನ್ನು ತೆಗೆದಾಗ ಸಾಲು ಬಂತೋ ಅಲ್ಲಿದೆ ಕಾರಣ. ಫೋನ್ ನಂಬರ್ ನಲ್‌ಗೆ, ಅಂದರೆ ಏನೂ ತುಂಬದ ಜಾಗಕ್ಕೆ, ಸಮ ಅಂತ ಬರೆದರೆ ಯಾವತ್ತೂ ಒಂದು ಸಾಲೂ ಬರೋದಿಲ್ಲ, ಈಸ್ ನಲ್ ಅಂತಲೇ ಬರೆಯಬೇಕು. ಒಂದೂ ಸೀರೆ ಕೊಳ್ಳದ ಗಿರಾಕಿಗಳೂ ಪಟ್ಟಿಯಲ್ಲಿ ಬರಲಿ ಅಂತ ಎರಡು ಟೇಬಲ್ ಜೋಡಿಸುವ ಲೆಫ್ಟ್ ಜಾಯಿನ್ ಹಾಕಿ, ಆಮೇಲೆ ವೇರ್‌ನಲ್ಲಿ ಆರ್ಡರಿನ ತಾರೀಕು ಕೇಳಿದರೆ ಅವರೆಲ್ಲ ಬಿದ್ದುಹೋಗುತ್ತಾರೆ. ಆ ತಾರೀಕಿನ ಷರತ್ತನ್ನು ಜಾಯಿನ್‌ನ ಆನ್ ಪಕ್ಕಕ್ಕೆ ಹಾಕು. ಇಂಥವು ಎರರ್ ಕೊಡೋದಿಲ್ಲ, ನೀನೇ ಸಾಲು ಎಣಿಸಿ ನೋಡಬೇಕು.

ಗಿರಾಕಿಗಳ ಕನ್ನಡ ಹೆಸರೆಲ್ಲ ಪ್ರಶ್ನೆ ಗುರುತು ಆಗುತ್ತೆ ಅಂತಲೂ ನೀನು ಬರೆದಿದ್ದೆ. ಟೇಬಲ್‌ಗೂ ಕನೆಕ್ಷನ್‌ಗೂ ಎರಡಕ್ಕೂ, ಕನ್ನಡ ಅಕ್ಷರ ಹಿಡಿಯುವ ಯುಟಿಎಫ್8ಎಂಬಿ4 ಇದೆಯಾ ನೋಡು. ಪಿಎಚ್‌ಪಿಎಂವೈಅಡ್ಮಿನ್‌ನಲ್ಲಿ ಕನ್ನಡ ಸರಿ ಕಂಡರೆ ಕೆಟ್ಟಿರೋದು ಕನೆಕ್ಷನ್ ಮಾತ್ರ. ಅಲ್ಲಿಯೂ ಪ್ರಶ್ನೆ ಗುರುತೇ ಇದ್ದರೆ ಆ ಹೆಸರುಗಳು ಹೋದ ಹಾಗೆ, ಗಿರಾಕಿಗಳನ್ನು ಮತ್ತೆ ಕೇಳಿ ಬರೆದುಕೊಳ್ಳಬೇಕು. ಅದನ್ನು ಅಂಗಡಿಯವರಿಗೆ ಇವತ್ತೇ ಹೇಳು. ಇನ್ನೂ ನೂರು ಹೆಸರು ಸೇರುವ ಮೊದಲು.

ಮತ್ತೆ ಅಪ್‌ಡೇಟ್. ಇದು ಮಾತ್ರ ನನಗಾಗಿ ಮಾಡು. ಅಪ್‌ಡೇಟ್ ಇರಲಿ ಡಿಲೀಟ್ ಇರಲಿ, ಅದೇ ವೇರ್ ಹಾಕಿ ಮೊದಲು, ಸಾಲು ತೋರಿಸುವುದಷ್ಟೇ ಮಾಡುವ ಸೆಲೆಕ್ಟ್ ಓಡಿಸಿ ಎಷ್ಟು ಸಾಲು ಬಂದವು ಅಂತ ಕಾಗದದ ಮೇಲೆ ಬರೆದುಕೋ. ಆಮೇಲೆ ಸ್ಟಾರ್ಟ್ ಟ್ರಾನ್ಸಾಕ್ಷನ್ ಅಂತ ಹೇಳಿ ಅಪ್‌ಡೇಟ್ ಓಡಿಸು, ಎಣಿಕೆ ತಾಳೆ ಆದರೆ ಕಮಿಟ್ ಅಂತ ಖಾಯಂ ಮಾಡು, ಜಾಸ್ತಿ ಬಂದರೆ ರೋಲ್‌ಬ್ಯಾಕ್ ಅಂತ ಮೊದಲಿನಂತೆ ಮಾಡು. ನೀನು ಹಾಕುವ ಹೊಸ ಮಾಹಿತಿಯೇ ಮೊದಲೂ ಇದ್ದ ಸಾಲನ್ನು ಮೈಎಸ್‌ಕ್ಯೂಎಲ್ ಬದಲಾದ ಲೆಕ್ಕಕ್ಕೆ ಹಿಡಿಯೋದಿಲ್ಲ, ಆದ್ದರಿಂದ ಕಡಿಮೆ ಬಂದರೆ ಗಾಬರಿ ಆಗದೆ ನೋಡು. ಟೇಬಲ್ ಇಡುವ ಬಗೆ ಇನೋಡಿಬಿ ಆಗಿದ್ದರೆ ಮಾತ್ರ ಹೀಗೆ ಹಿಂದಕ್ಕೆ ಬರಬಹುದು, ಮೈಐಸ್ಯಾಮ್ ಆದರೆ ಬರೋದಿಲ್ಲ. ಟೇಬಲ್ಲನ್ನೇ ತೆಗೆದುಹಾಕುವ ಡ್ರಾಪ್, ಪೂರ್ತಿ ಖಾಲಿ ಮಾಡುವ ಟ್ರಂಕೇಟ್, ಎರಡಕ್ಕೂ ರೋಲ್‌ಬ್ಯಾಕ್ ಇಲ್ಲ. ಆ ಸಂಜೆ ನನ್ನ ಹತ್ತಿರ ಇಂಥದ್ದೊಂದು ಇದ್ದಿದ್ದರೆ ಅಂತ ಎಷ್ಟು ಸಲ ಅಂದುಕೊಂಡಿದ್ದೇನೆ. ಇದ್ದರೂ, ಎಣಿಕೆಯನ್ನೇ ನೋಡದವಳು ಏನು ಮಾಡುತ್ತಿದ್ದೆನೋ.

ಹಿಂದೆ ಕೂತಿರುವ ನಿಮ್ಮ ಸರ್ ಬಗ್ಗೆ. ಎರರ್ ಕಂಡರೆ ಬೈಯಬಹುದು, ಇಲ್ಲ ಅನ್ನೋದಿಲ್ಲ. ಆದರೆ ನೀನೇ ಎದ್ದು ಹೋಗಿ "ಸರ್, ಈ ಕ್ವೆರಿ ಹೀಗೆ ಅನ್ನುತ್ತಿದೆ, ಇದನ್ನೂ ಇದನ್ನೂ ನೋಡಿದೆ" ಅಂದರೆ ಎರಡು ನಿಮಿಷದ ಮಾತು. ಮೂರು ತಿಂಗಳು ಆದಮೇಲೆ ಆ ಕ್ಯಾಚ್ ಬೇರೆ ಯಾರ ಕಣ್ಣಿಗಾದರೂ ಬಿದ್ದರೆ, ಅಥವಾ ಅಷ್ಟರಲ್ಲಿ ನಿನ್ನ ಪಕ್ಕದ ಹುಡುಗನೋ ಹುಡುಗಿಯೋ ನಿನ್ನ ಬದಲು ಬೈಸಿಕೊಂಡಿದ್ದರೆ, ಆಗ ಹೇಳುವುದು ಬಹಳ ಕಷ್ಟ. ನನಗೆ ಇನ್ನೂ ಆಗಿಲ್ಲ ನೋಡು.

ನಿನಗೆ ಹೇಳಿದ ಮೇಲೆ ನಾನು ಸುಮ್ಮನಿರೋದು ಸರಿ ಅಲ್ಲ ಅನ್ನಿಸುತ್ತಿದೆ. ಈ ಭಾನುವಾರ ಕಾರಕೂನರ ಮನೆಗೆ ಹೋಗಬೇಕು ಅಂತಿದ್ದೇನೆ. ಹೇಗೆ ಶುರು ಮಾಡಬೇಕೋ ಇನ್ನೂ ತಿಳಿಯದು.

ನೀನು ಮಾತ್ರ ಭಾನುವಾರದ ತನಕ ಕಾಯಬೇಡ. ಪತ್ರ ಸಿಕ್ಕ ದಿನವೇ ಆ ಕ್ಯಾಚ್ ತೆರೆದು, ಲಾಗ್‌ನಲ್ಲಿ ಬರುವ ಮೊದಲ ಎರರನ್ನು ಇದ್ದ ಹಾಗೆ ನನಗೆ ವಾಟ್ಸಾಪ್ ಮಾಡು. ಎಷ್ಟೇ ಬಂದರೂ ಕಳಿಸು. ರಾತ್ರಿ ಹನ್ನೊಂದರ ತನಕ ಎದ್ದಿರುತ್ತೇನೆ.

ನಿನ್ನ ಚಿಗವ್ವ
ಬಾಗಲಕೋಟೆ